ಊಟ ಆಯ್ತಾ

ಎಣ್ಣೆ ಪೈಪ್‌ಲೈನಿನ ಕಂಟ್ರೋಲ್ ರೂಮುಗಳಲ್ಲಿ ಬೀಪ್ ಸದ್ದು ನಿಂತು ವರ್ಷಗಳಾಗಿದ್ದವು. ಬೀಪಿಗೆ ಯಾರೂ ಕಿವಿಗೊಡುತ್ತಿರಲಿಲ್ಲ. ಅದಕ್ಕೇ ಆ ಲೈನಿನಲ್ಲಿ ಸತ್ತವರ ದನಿಯಲ್ಲೇ ಎಚ್ಚರಿಕೆ ಬರಬೇಕೆಂದು ನಿಯಮವಾಗಿತ್ತು. ಕೆಲಸಕ್ಕೆ ಸೇರಿದ ದಿನವೇ ಎಲ್ಲರ ದನಿಯನ್ನೂ ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು.

ಜಲಜಾಕ್ಷಿಯ ರೂಮಿನಲ್ಲಿದ್ದದ್ದು ಅವಳ ತಮ್ಮ ರುದ್ರೇಶನ ದನಿ. ರೆಕಾರ್ಡಿಂಗ್ ದಿನ ಅವನು ಅವಳನ್ನೇ ನೋಡಿ ನಗುತ್ತಾ ಹೇಳಿದ್ದ: “ಅಕ್ಕಾ, ಒತ್ತಡ ಏರ್ತಿದೆ ನೋಡು. ಊಟ ಆಯ್ತಾ?”

“ಮೀಸೆ ಇರೋ ನನ್ನನ್ನೂ ಅಕ್ಕಾ ಅಂತಾನಲ್ಲಮ್ಮ ನಿನ್ನ ತಮ್ಮ!” ಎಂದು ಪಕ್ಕದ ಕುರ್ಚಿಯ ಮರಿಸ್ವಾಮಿ ರೇಗಿಸುತ್ತಿದ್ದ. ಗುಂಡಿ ಒತ್ತಿದರೆ ದನಿ ನಿಲ್ಲುತ್ತಿತ್ತು, ಆಮೇಲೇ ಪಂಪಿನ ವೇಗ ಇಳಿಸಲು ಆಗುತ್ತಿತ್ತು. ಮರಿಸ್ವಾಮಿ ಮೊದಲ ಪದಕ್ಕೇ ಒತ್ತುತ್ತಿದ್ದ. ಜಲಜಾಕ್ಷಿ ಕೊನೆಯವರೆಗೂ ಕೇಳಿ, “ಆಯ್ತು ಕಣೋ” ಎಂದು ಹೇಳಿ ಒತ್ತುತ್ತಿದ್ದಳು.

ಸುರಕ್ಷತಾ ತಪಾಸಣೆಗೆ ಬಂದ ನಜೀರ್ ಸಾಹೇಬರು ಅವಳ ಮುಖ ನೋಡದೆ ಹೇಳಿದರು. “ತಡ ಮಾಡ್ತಿದ್ದೀರಮ್ಮ. ಇನ್ನೊಂದು ಸಲ ಹೀಗಾದ್ರೆ ಈ ದನಿ ತೆಗೆದು ಬೇರೆಯವರದ್ದು ಹಾಕ್ಬೇಕಾಗುತ್ತೆ.”

“ಅವನು ಮಾತು ಮುಗಿಸಲಿ ಅಂತ ಸಾರ್.”

“ಗೊತ್ತಮ್ಮ. ಅವತ್ತೂ ಇಲ್ಲಿ ಯಾರೋ ತಡ ಮಾಡಿ ಪೈಪ್ ಒಡೆದಿದ್ದಕ್ಕೇ ಅಲ್ವಾ ಅವನು ಹೋಗಿದ್ದು?”

ಸಾಹೇಬರು ಟೀ ಕುಡಿಯುತ್ತಿರುವಾಗಲೇ ಪರದೆ ಕೆಂಪಾಯಿತು.

“ಅಕ್ಕಾ—”

ಜಲಜಾಕ್ಷಿ ಗುಂಡಿ ಒತ್ತಿದಳು. ಪಂಪಿನ ವೇಗ ಇಳಿಸಿದಳು. ಪರದೆ ಹಸಿರಾಯಿತು. ಸಾಹೇಬರು ಸರಿಯೆಂದು ತಲೆಯಾಡಿಸಿದರು.

ಅವಳು ಸುಮ್ಮನಾದ ಸ್ಪೀಕರಿನತ್ತ ಬಗ್ಗಿ ಮೆಲ್ಲಗೆ ಹೇಳಿದಳು.

“ಇನ್ನೂ ಇಲ್ಲ ಕಣೋ.”