ಶಕ್ತಿ ಸೂಜಿ

ಔಷಧಿ ಪೆಟ್ಟಿಗೆಯನ್ನು ದೋಣಿಯಿಂದ ಇಳಿಸಿ, ಸೊಂಟಮಟ್ಟದ ನೀರಿನಲ್ಲಿ ತಲೆಯ ಮೇಲೆ ಹೊತ್ತು ತಂದವನು ದೊಡ್ಡ ಸೊಸೆಯ ಗಂಡನೇ. ಒಳಗೆ ಏನಿದೆ ಎಂದು ಗೊತ್ತಿದ್ದರೆ ಅಲ್ಲೇ ನೀರಿಗೆ ಬಿಟ್ಟುಬಿಡುತ್ತಿದ್ದ. "ಜೋಪಾನ" ಎಂದರು ಹಿಂದಿನಿಂದ ನರ್ಸ್. "ಒಂದು ಹನಿ ಸೋಕಿದ್ರೆ ನನ್ನ ಕೇಳಿ ಸಿಸ್ಟರ್" ಎಂದು ಅವನು ನಕ್ಕ. ಶಾಲೆಯ ಕಿಟಕಿಯಲ್ಲಿ ನಿಂತಿದ್ದ ದೊಡ್ಡ ಸೊಸೆ, ನೆರೆಯಲ್ಲಿ ಮನೆ ಮುಳುಗಿ ಇಲ್ಲಿಗೆ ಬಂದ ಮೇಲೆ ಮೊದಲ ಸಲ ನೆಮ್ಮದಿಯ ಉಸಿರು ಬಿಟ್ಟಳು.

ಎರಡನೆಯ ಹೆರಿಗೆಯಲ್ಲಿ ರಕ್ತ ನಿಲ್ಲದೆ ಅವಳು ಸತ್ತು ಬದುಕಿದ್ದಳು. ಇನ್ನೊಂದಾದರೆ ಜೀವ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರ್. "ಡಾಕ್ಟರುಗಳು ಹೆದರಿಸೋಕೇ ಇರೋದು" ಎಂದು ಅತ್ತೆಯೂ ಗಂಡನೂ ಆ ಮಾತನ್ನು ಆಸ್ಪತ್ರೆಯ ಮೆಟ್ಟಿಲ ಮೇಲೇ ಬಿಟ್ಟು ಬಂದಿದ್ದರು. ಅಂದಿನಿಂದ ಮಗುವಿನ ಲಸಿಕೆಯ ನೆಪದಲ್ಲಿ ಹೋಗಿ, ಮೂರು ತಿಂಗಳು ಬಸಿರು ತಡೆಯುವ ಸೂಜಿ ಹಾಕಿಸಿಕೊಂಡು ಬರುತ್ತಿದ್ದಳು. ಒಮ್ಮೆ ಅತ್ತೆ ತೋಳಿನ ಹತ್ತಿ ಕಂಡು ಕೇಳಿದಾಗ, "ಶಕ್ತಿಗೆ ಹಾಕೋ ಸೂಜಿ ಅಮ್ಮಾ, ತುಂಬ ನಿಶ್ಶಕ್ತಿ ಇದೆ ಇವಳಿಗೆ" ಎಂದು ನರ್ಸೇ ಬಾಯಿ ಮುಚ್ಚಿಸಿದ್ದರು. ಈಗ ಆ ಮೂರು ತಿಂಗಳು ಮುಗಿದಿತ್ತು.

ತರಗತಿಯ ಕೋಣೆಯಲ್ಲಿ ಕಾಲು ಚಾಚಿದರೆ ಪಕ್ಕದ ಸಂಸಾರಕ್ಕೆ ತಾಗುತ್ತಿತ್ತು. ಒಂದು ಮೂಲೆಗೆ ಮಾತ್ರ ಚಾದರದ ಮರೆ. ಹೆಂಗಸರು ಬಟ್ಟೆ ಬದಲಿಸಲಿ, ಹಾಲು ಕುಡಿಸಲಿ ಎಂದು ಬಂದ ದಿನವೇ ತನ್ನ ಗಂಟಿನಿಂದ ಚಾದರ ತೆಗೆದು ಕಟ್ಟಿದವಳು ಅವಳೇ. ಆದರೆ ಕತ್ತಲಾದ ಮೇಲೆ ಆ ಮೂಲೆ ಗಂಡಹೆಂಡಿರದು. ಸರದಿ ಯಾರದೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿರುತ್ತಿತ್ತು.

ನೀರಿಗೆ ಹಾಕುವ ಮಾತ್ರೆ ಹಂಚಿ, ಕೊಳೆತ ಕಾಲ್ಬೆರಳುಗಳಿಗೆ ಮುಲಾಮು ಹಚ್ಚಿ, ಕೊನೆಗೆ ನರ್ಸ್ ಅವಳನ್ನು ಮರೆಗೆ ಕರೆದರು. ಹತ್ತಿಯಲ್ಲಿ ಸುತ್ತಿ ತಂದಿದ್ದ ಪುಟ್ಟ ಸೀಸೆಯನ್ನು ಹೊರತೆಗೆಯುವಷ್ಟರಲ್ಲಿ ಚಾದರ ಸರಿಯಿತು. ಅತ್ತೆ. ಅವಳ ಹಿಂದೆ ಚಿಕ್ಕ ಸೊಸೆ.

"ಶಕ್ತಿ ಸೂಜಿ ತಾನೇ? ಇನ್ನೆಷ್ಟಿದೆ?"

"ಒಂದೇ ಅಮ್ಮಾ. ಇವಳಿಗೆ ಅಂತ ತಂದಿದ್ದು."

"ಎರಡು ಹೆತ್ತು ಗುಂಡುಕಲ್ಲಿನ ಹಾಗಿದ್ದಾಳೆ, ಇವಳಿಗ್ಯಾಕೆ ಇನ್ನೂ ಶಕ್ತಿ? ಇಗೋ, ಇವಳಿಗೆ ಹಾಕಿ. ಮದುವೆಯಾಗಿ ಐದು ವರ್ಷ ಆಯ್ತು. ಮೈಯಲ್ಲಿ ಶಕ್ತಿ ಇದ್ರೆ ತಾನೇ ಬಸಿರು ನಿಲ್ಲೋದು?"

ಚಿಕ್ಕ ಸೊಸೆ ಆಗಲೇ ರವಿಕೆಯ ತೋಳು ಮೇಲಕ್ಕೆ ಮಡಚಿಕೊಂಡಿದ್ದಳು.

"ಇದು ಹೆತ್ತವರಿಗೆ ಮಾತ್ರ ಕಣಮ್ಮಾ" ಎಂದರು ನರ್ಸ್, ಆದಷ್ಟು ಮೆತ್ತಗೆ.

"ಎಲ್ಲಾ ಹೆತ್ತವರಿಗೇ" ಎಂದಳು ಚಿಕ್ಕ ಸೊಸೆ. "ಹಾಲಿನ ಪುಡಿ ಹೆತ್ತವರಿಗೆ. ಊಟಕ್ಕೆ ಮೊದಲ ಸಾಲು ಹೆತ್ತವರಿಗೆ. ಕಿಟಕಿ ಪಕ್ಕದ ಜಾಗ ಹೆತ್ತವರಿಗೆ." ಆಮೇಲೆ ಓರಗಿತ್ತಿಯ ಕಡೆ ತಿರುಗಿದಳು. "ಅಕ್ಕಾ, ಇದೊಂದನ್ನ ನನಗೆ ಬಿಟ್ಕೊಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಶಕ್ತಿ ಔಷಧಿ ತಾನೇ, ಇವಳಿಗೆ ಹಾಕಿದ್ರೆ ಏನಾಗುತ್ತೆ? ಅದನ್ನ ಹೇಳಿ ಸಿಸ್ಟರ್" ಎಂದು ಅತ್ತೆ ದನಿ ಏರಿಸಿದಳು. ಚಾದರದ ಆಚೆ ಕೋಣೆಗೆ ಕೋಣೆಯೇ ಕಿವಿಯಾಯಿತು.

ನರ್ಸ್ ದೊಡ್ಡ ಸೊಸೆಯ ಮುಖ ನೋಡಿದರು. ಹೇಳಬಹುದಾದ ಉತ್ತರ ಒಂದೇ ಇತ್ತು, ಅದು ಅವಳ ಗುಟ್ಟು. ಅದು ಬಾಯಿಂದ ಬಿದ್ದರೆ ಇನ್ನು ಮುಂದೆ ನರ್ಸ್ ಇರುವ ದಿಕ್ಕಿಗೂ ಅವಳನ್ನು ಬಿಡುವುದಿಲ್ಲ. ಸುಮ್ಮನಿದ್ದರೆ? ಎದುರಿಗೆ ಆ ಬರಿದೋಳು. ದಾರಿ ತಪ್ಪಿದ ಮಗು ತಾಯನ್ನು ಕಂಡಂತೆ ಆ ಹುಡುಗಿ ಸೀಸೆಯನ್ನೇ ನೋಡುತ್ತಿದ್ದಳು.

ದೊಡ್ಡ ಸೊಸೆ ನರ್ಸ್ ಕೈಯಿಂದ ಸೀಸೆ ತೆಗೆದುಕೊಂಡಳು. "ತಗೋ" ಎಂದು ಓರಗಿತ್ತಿಯತ್ತ ಚಾಚಿದಳು. ಚಾಚಿ, ಬೆರಳು ಸಡಿಲಿಸಿದಳು.

ಕಲ್ಲುನೆಲಕ್ಕೆ ಬಿದ್ದ ಗಾಜಿನ ಸದ್ದು ಅಷ್ಟೇನೂ ದೊಡ್ಡದಿರಲಿಲ್ಲ. ಅತ್ತೆಯ ದನಿಯೇ ದೊಡ್ಡದಿತ್ತು. "ನೋಡಿದ್ರೇನ್ರೇ ಹೊಟ್ಟೆಕಿಚ್ಚು? ಇನ್ನೊಬ್ಬಳ ಮಡಿಲು ತುಂಬೋದನ್ನ ಕಣ್ಣಲ್ಲಿ ನೋಡಲಾರಳು." ಚಿಕ್ಕ ಸೊಸೆ ಮಡಚಿದ ರವಿಕೆಯ ತೋಳನ್ನು ಇಳಿಸಿಕೊಂಡಳು. ಮರೆಯಿಂದ ಹೊರಗೆ ಹೋಗಿ, ಅಕ್ಕನ ಪಕ್ಕದಲ್ಲಿದ್ದ ತನ್ನ ಚಾಪೆಯನ್ನು ಸುರುಳಿ ಸುತ್ತಿ ಅತ್ತೆಯ ಆಚೆ ಬದಿಗೆ ಹಾಸಿಕೊಂಡಳು.

ಇಬ್ಬರೇ ಕುಳಿತು ಗಾಜು ಆರಿಸುವಾಗ ನರ್ಸ್ ಪಿಸುಗುಟ್ಟಿದರು, "ದಿನಾ ನುಂಗೋ ಮಾತ್ರೆ ಇದೆ, ಕೊಡ್ಲಾ?"

"ಎಲ್ಲಿಟ್ಕೊಳ್ಲಿ ಸಿಸ್ಟರ್?"

ಮನೆಯಲ್ಲಾದರೆ ಅಕ್ಕಿ ಡಬ್ಬ ಇತ್ತು, ಸೌದೆಯ ಸಂದಿ ಇತ್ತು. ಇಲ್ಲಿ ಇಡೀ ಸಂಸಾರಕ್ಕೆ ಒಂದೇ ಟ್ರಂಕು. ಅದೇ ಅತ್ತೆಯ ತಲೆದಿಂಬು. ನೀರು ಇಳಿದ ಮೇಲೆ ಬರುವುದಾಗಿ ಹೇಳಿ ನರ್ಸ್ ಹೊರಟರು.

ದೋಣಿ ಕಳಿಸಿ ಬಂದ ಗಂಡನಿಗೆ ಬಾಗಿಲಲ್ಲೇ ಎಲ್ಲ ವರದಿಯಾಯಿತು. ಬೈಯುತ್ತಾನೆ ಎಂದುಕೊಂಡಿದ್ದಳು. ಅವನು ತಲೆ ಒರೆಸಿಕೊಳ್ಳುತ್ತಾ ಪಕ್ಕದಲ್ಲಿ ಕುಳಿತು, "ಹೋಗ್ಲಿ ಬಿಡು, ನಿನ್ನ ಶಕ್ತಿಗೇನು ಕಮ್ಮಿ" ಎಂದು ನಕ್ಕ. ಆಮೇಲೆ ದನಿ ತಗ್ಗಿಸಿ, "ಇವತ್ತು ಮೂಲೆ ನಮ್ಮದು" ಎಂದ.

ಜಗಳದಲ್ಲಿ ಚಾದರದ ಒಂದು ತುದಿ ಕಳಚಿ ಜೋತಾಡುತ್ತಿತ್ತು. ಅವನೇ ಎದ್ದು ಹೋಗಿ ಅದನ್ನು ಮೊಳೆಗೆ ಬಿಗಿದು ಕಟ್ಟಿದ, ಬೆಳಗ್ಗೆ ಆ ಪೆಟ್ಟಿಗೆಯನ್ನು ಹೊತ್ತು ತಂದಷ್ಟೇ ಜೋಪಾನವಾಗಿ.