ಎರಡು ನೂಲಿನ ವ್ಯತ್ಯಾಸ

“ಆ ಕಡೆ ಹಿಡ್ಕೊಂಡಿರೋರಿಗೆ ಹೇಳಿ ಮೇಸ್ತ್ರಿ, ಎರಡು ನೂಲು ಮೇಲೆತ್ತಲಿ ಅಂತ.”

ಆ ಕಡೆ ಹಿಡಿದಿದ್ದವನು ಹೀಗೆ ಹೇಳಿದವನ ಒಡಹುಟ್ಟಿದ ತಮ್ಮ. ಇಬ್ಬರ ನಡುವೆ ಇದ್ದುದು ಆರೂವರೆ ಅಡಿ ಉದ್ದದ ಹೊಸ ಸ್ಟೇನ್‌ಲೆಸ್ ಸ್ಟೀಲ್ ಬಂಪರ್, ಮತ್ತು ಅದರ ಮುಂದೆ ಮಂಡಿಯೂರಿ ಕುಳಿತಿದ್ದ ವೆಲ್ಡಿಂಗ್ ಮೇಸ್ತ್ರಿ. ಆರೂವರೆ ಅಡಿ ದೂರಕ್ಕೆ ಒಂದು ಮಾತು ಮುಟ್ಟಿಸಲು ಮೂರನೆಯವನೊಬ್ಬ ಬೇಕಾಗಿದ್ದ.

ತಂದೆ ಬಿಟ್ಟುಹೋದ ಹಳೆಯ ಲಾರಿ ಯಾರಿಗೆ ಸೇರಬೇಕೆಂಬ ವಿಷಯದಲ್ಲಿ ಸಹೋದರರು ಮಾತು ಬಿಟ್ಟು ಏಳು ವರ್ಷಗಳಾಗಿದ್ದವು. ಆ ದಿನ ಬೆಳಿಗ್ಗೆ ತಾಯಿ ತೀರ್ಪು ಕೊಟ್ಟಿದ್ದರು: ಬಂಪರನ್ನು ಇಬ್ಬರೂ ಕೈಯಲ್ಲೇ ಹಿಡಿದು ನೆಟ್ಟಗೆ ಕೂರಿಸಬೇಕು, ಜಾಕ್ ಇಲ್ಲ, ಇಟ್ಟಿಗೆಯ ಆಸರೆಯಿಲ್ಲ, ಆಳುಗಳಿಲ್ಲ. ತಪ್ಪಿದರೆ ಐದು ಗಂಟೆಗೆ ಗುಜರಿಯವನು ಬಂದು ಲಾರಿಯನ್ನು ತುಂಡು ಮಾಡಿ ಒಯ್ಯುವನು. ಈಗ ನಾಲ್ಕೂಕಾಲು. ತಾಯಿ ಷೆಡ್ಡಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತು, ನೋಡಿಯೂ ನೋಡದಂತಿದ್ದರು.

ಮೇಸ್ತ್ರಿ ಸಂದೇಶ ಮುಟ್ಟಿಸಿದ. ತಮ್ಮ ಎರಡು ನೂಲು, ಅಂದರೆ ಕಾಲು ಅಂಗುಲ, ಎತ್ತಿದ. ತಾನು ತಗ್ಗಿದಂತೆ ಕಾಣಬಾರದೆಂದು ಅಣ್ಣನೂ ಸದ್ದಿಲ್ಲದೆ ಅಷ್ಟೇ ಎತ್ತಿದ. ಎರಡು ಸಂಖ್ಯೆಗಳಿಗೆ ಒಂದೇ ಮೊತ್ತವನ್ನು ಕೂಡಿಸಿದರೆ ಅವುಗಳ ವ್ಯತ್ಯಾಸ ಬದಲಾಗದೆಂಬುದು ಮೂರನೆಯ ತರಗತಿಯ ಪಾಠ, ಇಬ್ಬರೂ ಪದವೀಧರರು. ಮಟ್ಟ ನೋಡಲು ಬಂಪರಿನ ಮೇಲಿಟ್ಟಿದ್ದ ರಸಮಟ್ಟದ ಗುಳ್ಳೆ ಇದ್ದಲ್ಲೇ ಇತ್ತು. ನಾಲ್ಕು ಸಲ ಹೀಗಾಗಿ ಬಂಪರು ಹೆಡ್‌ಲೈಟುಗಳ ಗಲ್ಲ ಮುಟ್ಟುವಷ್ಟು ಪ್ರಗತಿ ಸಾಧಿಸಿತು.

“ಎತ್ತೋನು ನಾನೊಬ್ಬನೇ ಅಂತ ಹೇಳಿ ಅವರಿಗೆ,” ತಮ್ಮ ಹೇಳಿದ.

“ಕನ್ನಡಕ ಬದಲಾಯಿಸ್ಕೊಳ್ಳೋಕೆ ಹೇಳಿ ಅವನಿಗೆ,” ಅಣ್ಣ ಹೇಳಿದ.

“ಇಬ್ಬರೂ ಒಂದು ಅಂಗುಲ ಇಳಿಸಿ ಸಾಕು. ಈ ಮುಖವಾಡ ಹಾಕ್ಕೊಂಡ್ರೆ ನಂಗೆ ಯಾರ ಮಾತೂ ಕೇಳಿಸಲ್ಲ, ಸ್ವಾಮಿ. ಟಪಾಲು ಇಲ್ಲಿಗೆ ಬಂದ್,” ಎಂದ ಮೇಸ್ತ್ರಿ, ಇಬ್ಬರೂ ಅಷ್ಟಷ್ಟೇ ಇಳಿಸಿದ ಮೇಲೆ ಮುಖವಾಡ ಇಳಿಸಿಕೊಂಡು ತಮ್ಮನ ಕಡೆಯಿಂದ ವೆಲ್ಡಿಂಗ್ ಶುರುಮಾಡಿದ.

ಕಿಡಿಯೊಂದು ಹಾರಿ ತಮ್ಮನ ಮಣಿಕಟ್ಟಿನ ಮೇಲೆ ಕೂತಿತು. ಅವನು ಹಲ್ಲು ಕಚ್ಚಿದ, ಕೈ ಬಿಡಲಿಲ್ಲ.

“ಬಿಡೋ, ಕೈ ಸುಡ್ತಿದೆ,” ಎಂದ ಅಣ್ಣ.

“ನಿನ್ ಕಡೆ ಇಳ್ಸೋ ಮೊದ್ಲು,” ಎಂದ ತಮ್ಮ.

ಏಳು ವರ್ಷಗಳಲ್ಲಿ ಇಬ್ಬರಿಂದಲೂ ಸೇರಿ ಏಳು ಪದ, ಸರಾಸರಿ ವರ್ಷಕ್ಕೊಂದು. ಅಣ್ಣ ಇಳಿಸಿದ. ಗುಳ್ಳೆ ಸರಿದು ಗೆರೆಗಳ ನಡುವೆ ನಿಂತಿತು. ಮೇಸ್ತ್ರಿ ಇನ್ನೊಂದು ತುದಿಯನ್ನೂ ಬೆಸೆದ.

ಐದಕ್ಕೆ ಹತ್ತು ನಿಮಿಷವಿರುವಾಗ ಕೆಲಸ ಮುಗಿಯಿತು. ಬಂಪರು ನೆಟ್ಟಗೆ ಕೂತು, ಲಾರಿಯ ಉಳಿದೆಲ್ಲ ತುಕ್ಕನ್ನೂ ಎತ್ತಿ ತೋರಿಸುವಷ್ಟು ಹೊಳೆಯಿತು. ಸಹೋದರರು ಕೈ ಒದರಿಕೊಂಡು ಷೆಡ್ಡಿನ ಎರಡು ಮೂಲೆಗಳಿಗೆ ಹೋಗಿ ನಿಂತರು.

“ಸುಟ್ಟಗಾಯಕ್ಕೆ ಮುಲಾಮು ಹಚ್ಕೊಳ್ಳೋಕೆ ಹೇಳಿ ಮೇಸ್ತ್ರಿ, ಅವನಿಗೆ,” ಅಣ್ಣ ಗೋಡೆಯ ಕಡೆ ನೋಡುತ್ತ ಹೇಳಿದ.

“ಹಚ್ಕೋತೀನಿ ಅಂತ ಹೇಳಿ,” ತಮ್ಮ ಇನ್ನೊಂದು ಗೋಡೆಗೆ ಹೇಳಿದ.

ತಾಯಿ ಎದ್ದು ಲಾರಿಯ ಸುತ್ತ ಒಮ್ಮೆ ನಡೆದುಬಂದರು.

“ಹಿಂದಿನ ಬಂಪರಿಗೂ ಅಳತೆ ತಗೊಳ್ಳಪ್ಪ ಮೇಸ್ತ್ರಿ,” ಎಂದರು. “ಅದು ಇನ್ನೂ ಸ್ವಲ್ಪ ಭಾರ ಇರಲಿ.”