ಆಫ್ ಮಾಡದ ಕ್ಯಾಮೆರಾ

“ಎಷ್ಟು ಹೊತ್ತಿನ ವಿಡಿಯೋ ಅಂತ ಕೆಳಗಡೆ ಇರತ್ತೆ, ನೋಡಕ್ಕ,” ಎಂದು ಸೊಸಾಯ ಜಗಲಿಯಿಂದಲೇ ಕೂಗಿದ. ಕಂಪ್ಯೂಟರ್ ರಿಪೇರಿ ಅವನ ಕಸುಬೇ ಆದರೂ, ಟೋಂಗಾದ ಸಂಪ್ರದಾಯದಲ್ಲಿ ಅಕ್ಕ-ತಮ್ಮ ಒಂದೇ ಕೋಣೆಯಲ್ಲಿ ಕೂತು ವಿಡಿಯೋ ನೋಡುವಂತಿಲ್ಲ. ಒಳಗೆ ಮೆಲೆನೈಟೆ ತನ್ನ ಮದುವೆಯ ಕುಣಿತದ ಹಳೆಯ ಟೇಪನ್ನು ಕಂಪ್ಯೂಟರಿಗೆ ಇಳಿಸಿದ್ದಳು. ಆಕ್ಲೆಂಡಿನಲ್ಲಿರುವ ಮಗಳಿಗೆ ಕಳಿಸೋಣವೆಂದರೆ ಫೈಲು ಹೋಗಲಾರದಷ್ಟು ಊದಿಕೊಂಡು ಕೂತಿತ್ತು.

“ಮೂರು ಗಂಟೆ ಅಂತಿದೆಯಲ್ಲೋ! ನಾನು ಕುಣಿದದ್ದು ಅರ್ಧ ಗಂಟೇನೂ ಇಲ್ಲ.”

“ಹಾಗಾದ್ರೆ ಕೊನೇಲಿ ಏನೋ ಕಸ ಸೇರಿದೆ. ಮುಂದಕ್ಕೆ ಓಡಿಸಿ ನೋಡು, ಕತ್ತರಿಸಿಬಿಡೋಣ.”

ಅವಳು ಓಡಿಸಿದಳು. ಕುಣಿತ ಮುಗಿದಿತ್ತು. ಮೇಜಿನ ಮೇಲೆ ಯಾರೋ ಮರೆತುಹೋದ ಕ್ಯಾಮೆರಾ ನೆಲದ ಚಾಪೆಯನ್ನಷ್ಟೇ ನೋಡುತ್ತಿತ್ತು. ಆ ಚಾಪೆಯನ್ನು ಮಡಚುತ್ತಿದ್ದ ಕೈಗಳು ಅಮ್ಮನವು. ತೀರಿಕೊಂಡು ಎಷ್ಟೋ ವರ್ಷವಾದ ಅಮ್ಮ ತನ್ನಷ್ಟಕ್ಕೇ ಗೊಣಗುತ್ತಿದ್ದಳು: “ಕ್ಯಾಮೆರಾ ಹಿಡಿಯೋ ಅಂದ್ರೆ ಹಂದಿ ಸುಟ್ಟ ವಾಸನೆಗೆ ಓಡಿಹೋದ ನನ್ನ ಸೊಸಾಯ. ತಿನ್ನಲಿ ಪಾಪ, ಅಕ್ಕನ ಮದುವೆ ಅಂತ ಬೆಳಗ್ಗಿಂದ ಹೊಟ್ಟೆಗೇನೂ ಹಾಕ್ಕೊಂಡಿಲ್ಲ.”

“ಕತ್ತರಿಸಿದ್ಯೇನಕ್ಕ?”

ಮೆಲೆನೈಟೆ ವಿಡಿಯೋವನ್ನು ಅಮ್ಮನ ಕೈಗಳವರೆಗೆ ಹಿಂದಕ್ಕೆ ತಂದು ನಿಲ್ಲಿಸಿದಳು. ಹೊರಗೆ ಬಂದು ಜಗಲಿಯ ಮೆಟ್ಟಿಲ ಮೇಲೆ ಕೂತಳು.

“ನಾನಿಲ್ಲಿರ್ತೀನಿ, ನೀನು ಒಳಗೆ ಹೋಗಿ ನೋಡು,” ಎಂದಳು. “ಅವತ್ತು ಆಫ್ ಮಾಡೋದು ಮರೆತೆಯಲ್ಲ, ದೊಡ್ಡ ಉಪಕಾರ ಆಯ್ತಪ್ಪ.”

ಸ್ವಲ್ಪ ಹೊತ್ತಿಗೆ ಸೊಸಾಯ ಕಂಪ್ಯೂಟರಿನ ದನಿ ಏರಿಸಿದ; ಒಳಗಿನಿಂದ ಅಮ್ಮನ ಗೊಣಗಾಟ ಜಗಲಿಗೂ ಕೇಳಿಸಿತು. ಅದು ಮುಗಿಯಿತು. ಆಮೇಲೆ ಮತ್ತೆ ಮೊದಲಿನಿಂದ ಕೇಳಿಸಿತು.